ಐದು, ಐದು, ನಾಲ್ಕು

ಮೊದಲು ಕಾಲು ಎಣಿಸಬೇಕು.
ಕಾಲಲ್ಲ, ಕಾಲ ತುದಿಯ ಗೆಣ್ಣು.
ಮುಂದಿನದಕ್ಕೆ ಐದು, ನಡುವಿನದಕ್ಕೆ ಐದು,
ಹಿಂದಿನದಕ್ಕೆ ನಾಲ್ಕೇ.
ಹೀಗೆ ಒಂದು ಗೆಣ್ಣು ಕಡಿಮೆ ಬಿದ್ದರೆ
ಇದು ಕತ್ತಲ ಕುಲದ ಜೀರುಂಡೆ,
ಹಾಡುಹಗಲೇ ತಿರುಗಾಡಿದರೂ.

ನೋಲ್ಬೆರ್ತೊ ಮರಳಿಗೆ ಮೊಣಕಾಲೂರಿ
ಭೂತಗನ್ನಡಿ ಹಿಡಿದು ಎಣಿಸುತ್ತಾನೆ.
ಅದು ನಿಂತರೆ ತಾನೆ?
ಐದು, ಐ... ಮತ್ತೆ ಮೊದಲಿಂದ.

ವಾಸ್ಕೊ ನದಿಯ ಉತ್ತರಕ್ಕೆ, ಏಳು ವರ್ಷದ ಮೇಲೆ
ಒಂದು ರಾತ್ರಿ, ಒಂದೇ ರಾತ್ರಿ ಮಳೆಯಾಗಿ
ಮರಳುಗಾಡು ಮೈತುಂಬ ಹೂ ಬಿಟ್ಟಿದೆ:
ಗ್ವನಾಕೊ ಪಾದ ಎಂಬ ಕೆನ್ನೇರಳೆ,
ನಿಟ್ಟುಸಿರು ಎಂಬ ಹೆಸರಿನ ನೀಲಿ.
ಆ ನಿಟ್ಟುಸಿರ ಎಸಳು ಹರಿದು ತಿನ್ನುತ್ತ
ತಲೆ ತಗ್ಗಿಸಿ ನಡೆದಿದೆ ಇದು.
ಕಪ್ಪು ಮೈ, ಬೆನ್ನ ತುಂಬ ಸುಣ್ಣದ ಗೀಟು,
ಯಾರೋ ಅವಸರದಲ್ಲಿ ಲೆಕ್ಕ ಬರೆದು
ಅರ್ಧಕ್ಕೆ ಅಳಿಸಿದ ಹಾಗೆ.

ಅವನ ಹಾಳೆಯಲ್ಲಿ ಪ್ರಶ್ನೆಗಳು ಕವಲೊಡೆಯುತ್ತವೆ.
ಗೀಟು ಕೂಡಿವೆಯೋ? ಆರಕ್ಕೆ ಹೋಗು.
ಮುರಿದಿವೆಯೋ? ಒಂಬತ್ತಕ್ಕೆ.
ಒಂಬತ್ತರಲ್ಲಿ ಮತ್ತೆ: ಎದೆಯ ಅಂಚು ನುಣುಪೋ, ಗರಗಸವೋ?
ಉಗುರಲ್ಲಿ ಸವರಿ ನೋಡುತ್ತಾನೆ.
ಮೀಸೆಗೆ ಹನ್ನೊಂದು ಮಣಿ. ಸರಿ.
ರೆಕ್ಕೆಗವಚ ಎರಡೂ ಬೆಸೆದು ಒಂದಾಗಿದೆ,
ಬಾಗಿಲಿಗೆ ಮೊಳೆ ಹೊಡೆದಂತೆ;
ಒಳಗೆ ಹಾರುವ ರೆಕ್ಕೆಯೇ ಇಲ್ಲ.
ಅಂದರೆ ಹುಟ್ಟಿದ ಕೊರಕಲೇ ಲೋಕ.
ಒಂದು ಗುಡ್ಡ ಅಡ್ಡ ಬಂದರೆ ಜಾತಿಯೇ ಬೇರೆ.

ಮೇಕೆ ಹಿಂಡಿನ ಹಿಂದೆ ಸುನಿಲ್ದಾ ಬಂದಳು.
ಎಪ್ಪತ್ತು ದಾಟಿದವಳು, ಗಂಡಸರ ಬೂಟು,
ಕಂಕುಳಲ್ಲಿ ಕುಂಟುವ ಮರಿ.
"ಬಕೀತಾ ಹಿಡಿದೆಯಾ?" ಅಂದಳು.
ಬಕೀತಾ ಅಂದರೆ ಇಲ್ಲಿ ಪುಟ್ಟ ಹಸು:
ಇವಕ್ಕೂ ಮೇಯುವುದೇ ಕೆಲಸ,
ಇವಕ್ಕೂ ಕಪ್ಪುಬಿಳಿ ಮೈ.
ಬಗ್ಗಲಿಲ್ಲ, ಗಾಜು ಕೇಳಲಿಲ್ಲ.
"ಇದು ನಮ್ಮದಲ್ಲ. ಆಚೆ ಕೊರಕಲಿನದು, ಎಲ್ ಮೊಲ್ಯೆಯದು.
ನಮ್ಮವಕ್ಕೆ ಗೀಟು ಬಾಲದ ತನಕ ಬರುತ್ತೆ."

ಅವನ ಬೆರಳು ಇನ್ನೂ ಒಂಬತ್ತರ ಮೇಲಿತ್ತು.
ನಡುವೆ ಎರಡು ಗುಡ್ಡ, ಒಂದು ಬತ್ತಿದ ಗಣಿ;
ಜೀರುಂಡೆ ನಡಿಗೆಯಲ್ಲಿ ಅದೆಷ್ಟು ಜನ್ಮದ ದಾರಿಯೋ.
"ಹಾಗಾದರೆ ಇಲ್ಲಿಗೆ ಹೇಗೆ ಬಂತು?"

ಮರಿಯನ್ನು ಕೆಳಗಿಟ್ಟಳು.
"ನನ್ನವ್ವ ಆ ಕೊರಕಲಿನವಳು.
ಮದುವೆಯಾಗಿ ಬಂದ ವರ್ಷ ಹೀಗೇ ಹೂವಿತ್ತಂತೆ.
ಕತ್ತೆಯ ಮೇಲೆ ಹಾಸಿಗೆ, ಒಂದು ಬಾಣಲೆ,
ಚಹಾ ಡಬ್ಬಿಯಲ್ಲಿ ಹನ್ನೆರಡು ಬಕೀತಾ.
ಯಾಕವ್ವಾ ಅಂದರೆ,
ಇಲ್ಲಿನವಕ್ಕೆ ನನ್ನ ಗುರುತು ಸಿಗಲಿಲ್ಲ ಅನ್ನುತ್ತಿದ್ದಳು.
ನಗುತ್ತಿದ್ದಳೋ ಇಲ್ಲವೋ, ನೆನಪಿಲ್ಲ."

ಸಮುದ್ರದ ಕಡೆಯಿಂದ ಕಮಾನ್ಚಾಕಾ ಏರಿತು,
ಒದ್ದೆ ಉಣ್ಣೆಯಂಥ ಕಾವಳ.
ಗುಡ್ಡ ಹೋಯಿತು, ಮೇಕೆಗಳ ಗಂಟೆ ಮಾತ್ರ ಉಳಿಯಿತು.
ಕಾಲ ಕೆಳಗೆ, ಒಂದು ಮೊಳ ಆಳದ ಮರಳಿನಲ್ಲಿ
ಬೇರು ಕಡಿಯುತ್ತ, ಬರದ ಮೇಲೆ ಬರ ಕಾಯುತ್ತ,
ಆ ಡಬ್ಬಿಯ ಸಂತಾನ.

ನೋಲ್ಬೆರ್ತೊ ಚೀಟಿ ತೆಗೆದ.
ಹೆಸರು: ಪೆನ್ಸಿಲಲ್ಲಿ, ಪಕ್ಕಕ್ಕೊಂದು ಪ್ರಶ್ನೆಚಿಹ್ನೆ.
ಸಹಜ ನೆಲೆ ಎಂಬಲ್ಲಿ ಕೈ ನಿಂತಿತು.
ಎಲ್ ಮೊಲ್ಯೆ ಎಂದರೆ ಸುಳ್ಳು, ಇಲ್ಲಿದೆಯಲ್ಲ.
ಇಲ್ಲಿ ಎಂದರೆ
ಅವ್ವನನ್ನೂ ಕೇಳಬೇಕಿತ್ತು.
ಅಷ್ಟರಲ್ಲಿ ಕುಂಟು ಮರಿ ಕತ್ತು ಚಾಚಿ
ಚೀಟಿಯ ಅರ್ಧ ತಿಂದಿತ್ತು.

ಸುನಿಲ್ದಾ ಬೈಯಲಿಲ್ಲ, ಮರಿಗೂ, ಅವನಿಗೂ.
ಇನ್ನೊಂದು ಚೀಟಿ ಬರುವ ತನಕ ಕಾದು ಕೇಳಿದಳು:
"ಹಿಡಿದವರು ಯಾರು ಅಂತ ಬರೆಯೋಕೆ ಜಾಗ ಇದೆಯಾ?"
ಇದೆ ಅಂದ.
"ಎದೆಲ್ಮಿರಾ ಅಂತ ಬರಿ."
ದಿನಾಂಕ? ಎಂದು ಕೇಳಿದ,
ಅಭ್ಯಾಸಬಲದಿಂದ.
"ಹೂ ಬಿಟ್ಟ ವರ್ಷ," ಅಂದಳು,
ಕಾವಳದೊಳಗೆ ಗಂಟೆ ಎಣಿಸುತ್ತ.